ಇನ್ನೂರು ಲೀಟರ್ ಡ್ರಮ್ಮಿನಿಂದ ಹಿತ್ತಲ ಸ್ಮೋಕರ್: ಗುಜರಿ ಅಂಗಡಿಯಿಂದ ಊಟದ ಎಲೆಯವರೆಗೆ

ನನ್ನ ಮನೆಯ ಹಿತ್ತಲಿನಲ್ಲಿ ನಿಂತಿರುವ ಕಪ್ಪು ಡ್ರಮ್ಮನ್ನು ನೋಡಿದವರೆಲ್ಲ ಕೇಳುವುದು ಮೂರೇ ಪ್ರಶ್ನೆ. ಕೆಂಡದ ಮೇಲಿಟ್ಟ ಕೋಳಿ ಹೊರಗೆ ಕರಕಲಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಏಕೆ? ಹೊಗೆ ಹಾಕಿದ ಮಾಂಸ ಕಹಿಯಾಗುತ್ತದೆ, ಏಕೆ? ವಿದೇಶಿ ಸ್ಮೋಕರಿಗೆ ಅಷ್ಟೊಂದು ದುಡ್ಡು ಸುರಿಯದೆ ತುಮಕೂರಿನಲ್ಲೇ ಏನಾದರೂ ಮಾಡಿಕೊಳ್ಳಬಹುದೇ? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಗಿದೆ. ಆದ್ದರಿಂದ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಗ್ರಿಲ್ ಎಂದರೆ ಕೆಂಡದ ಮೇಲೆ ನೇರವಾಗಿ, 200 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿನ ಶಾಖದಲ್ಲಿ ಬೇಗ ಸುಡುವುದು. ಗದ್ದೆಯ ಬದುವಿನಲ್ಲಿ ಜೋಳದ ತೆನೆ ಸುಡುವುದೂ ಗ್ರಿಲ್ಲೇ. ಸ್ಮೋಕರ್ ಎಂದರೆ ಮುಚ್ಚಿದ ಗೂಡಿನೊಳಗೆ 110ರಿಂದ 135 ಡಿಗ್ರಿಯ ಮಂದ ಶಾಖದಲ್ಲಿ, ತೆಳುವಾದ ಹೊಗೆಯಲ್ಲಿ, ಗಂಟೆಗಟ್ಟಲೆ ಬೇಯಿಸುವುದು. ಗಟ್ಟಿ ಮಾಂಸದ ನಾರುಗಳನ್ನು ಹಿಡಿದಿಟ್ಟಿರುವ ಕೊಲಾಜೆನ್ ಎಂಬ ಅಂಟು ನಿಧಾನವಾಗಿ ಕರಗಿ ಜೆಲಟಿನ್ ಆಗುವುದಕ್ಕೆ ಈ ಹೊತ್ತು ಬೇಕೇ ಬೇಕು. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಕಾಯುವ ತಿಪಟೂರು, ತುರುವೇಕೆರೆಯ ಕಡೆಯವರಿಗೆ ತಾಳ್ಮೆಯ ಬಗ್ಗೆ ನಾನು ಹೇಳಬೇಕಾದದ್ದೇನಿಲ್ಲ.

ಇನ್ನೊಂದು ಮಾತು ಮೊದಲೇ ತಲೆಯಲ್ಲಿರಲಿ. ಡ್ರಮ್ಮಿನೊಳಗಿನ ಶಾಖವನ್ನು ನಿರ್ಧರಿಸುವುದು ನೀವು ತುಂಬಿದ ಇದ್ದಿಲಲ್ಲ, ಕೆಳಗಿನಿಂದ ಒಳಗೆ ಬಿಡುವ ಗಾಳಿ. ಐದು ಕಿಲೋ ಇದ್ದಿಲು ತುಂಬಿದರೂ ಬೆರಳಗಲದ ಒಂದೇ ಕಿಂಡಿ ತೆರೆದಿದ್ದರೆ ಬೆಂಕಿ ಅಷ್ಟರಲ್ಲೇ ಇರುತ್ತದೆ. ಮುಂದೆ ಬರುವ ಎಲ್ಲ ಅಳತೆಗಳ ಹಿಂದೆಯೂ ಇದೇ ಲೆಕ್ಕವಿದೆ.

1. ಡ್ರಮ್ಮನ್ನು ಆರಿಸುವುದು

ಬೇಕಾದದ್ದು 200 ಲೀಟರಿನ ಉಕ್ಕಿನ ಡ್ರಮ್ಮು. ಅಗಲ ಸುಮಾರು 57 ಸೆಂಟಿಮೀಟರ್, ಎತ್ತರ ಸುಮಾರು 88 ಸೆಂಟಿಮೀಟರ್ ಇರುತ್ತದೆ. ಅಂತರಸನಹಳ್ಳಿ, ಹಿರೇಹಳ್ಳಿಯಂಥ ಕೈಗಾರಿಕಾ ಪ್ರದೇಶಗಳನ್ನು ಪಕ್ಕದಲ್ಲಿಟ್ಟುಕೊಂಡ ಊರಿನಲ್ಲಿ ಡ್ರಮ್ಮಿಗೆ ಬರವಿಲ್ಲ, ಗುಜರಿ ಅಂಗಡಿಯಲ್ಲಿ ಸಾಲಾಗಿ ನಿಂತಿರುತ್ತವೆ. ಕಷ್ಟವಿರುವುದು ಅದರ ಪೂರ್ವಜನ್ಮ ತಿಳಿಯುವುದರಲ್ಲಿ.

ಕೀಟನಾಶಕ, ಥಿನ್ನರ್, ಆಮ್ಲ, ಅಂಟು ಅಥವಾ ಬಣ್ಣ ತುಂಬಿದ್ದ ಡ್ರಮ್ಮು ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಚೀಟಿ ಕಿತ್ತುಹೋಗಿದ್ದು, ಒಳಗೆ ಏನಿತ್ತೆಂದು ಅಂಗಡಿಯವರಿಗೂ ಗೊತ್ತಿಲ್ಲದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಅಡುಗೆ ಎಣ್ಣೆ, ಜೇನು, ಹಣ್ಣಿನ ತಿರುಳು ತುಂಬಿದ್ದವು ಒಳ್ಳೆಯವು. ಮಾವಿನ ತಿರುಳನ್ನು ಸಾಮಾನ್ಯವಾಗಿ ಚೀಲದಲ್ಲಿ ತುಂಬಿ, ಆ ಚೀಲವನ್ನು ಡ್ರಮ್ಮಿನೊಳಗೆ ಇಡುತ್ತಾರೆ. ಅಂಥದ್ದು ಸಿಕ್ಕರೆ ಅದೃಷ್ಟ, ಉಕ್ಕಿಗೆ ಒಳಗಿನ ಪದಾರ್ಥ ಸೋಕಿಯೇ ಇರುವುದಿಲ್ಲ.

ಮೇಲ್ಭಾಗ ಪೂರ್ತಿ ತೆರೆಯುವ, ಮುಚ್ಚಳವನ್ನು ಬಿಗಿಯುವ ಉಕ್ಕಿನ ಬಳೆಯಿರುವ ಡ್ರಮ್ಮನ್ನೇ ಕೇಳಿ ಪಡೆಯಿರಿ. ತಲೆ ಮುಚ್ಚಿದ ಡ್ರಮ್ಮನ್ನು ಕತ್ತರಿಸಿದರೆ ಕತ್ತರಿಸಿದ ತಲೆ ಮುಚ್ಚಳವಾಗಿ ಕೂರುವುದಿಲ್ಲ, ಒಳಗೆ ಬೀಳುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆಯದೇ ಇದೆ. ಎಣ್ಣೆಯೋ ಥಿನ್ನರೋ ಇದ್ದ ಮುಚ್ಚಿದ ಡ್ರಮ್ಮಿಗೆ ಗ್ರೈಂಡರ್ ಅಥವಾ ಗ್ಯಾಸ್ ಕಟರ್ ತಾಗಿಸಿದಾಗ ಒಳಗೆ ಉಳಿದ ಆವಿಗೆ ಕಿಡಿ ಹತ್ತಿ ಡ್ರಮ್ಮು ಬಾಂಬಿನಂತೆ ಸಿಡಿಯಬಹುದು. ಖಾಲಿ ಡ್ರಮ್ಮು ತುಂಬಿದ ಡ್ರಮ್ಮಿಗಿಂತ ಅಪಾಯಕಾರಿ ಎಂದು ವೆಲ್ಡಿಂಗ್ ಕೆಲಸದವರು ಹೇಳುವುದು ಇದಕ್ಕೇ.

ಮುಚ್ಚಳದ ಒಳಅಂಚಿನಲ್ಲಿ ರಬ್ಬರ್ ಪಟ್ಟಿ ಇರುತ್ತದೆ. ಮನೆಗೆ ತಂದ ದಿನವೇ ಅದನ್ನು ಕಿತ್ತು ಎಸೆಯಿರಿ.

2. ಸುಟ್ಟು ಶುದ್ಧ ಮಾಡುವುದು

ಒಳಗೆ ಕಂದು ಅಥವಾ ಕೆಂಪು ಬಣ್ಣದ ಲೇಪ ಇದ್ದರೆ ಅದು ಎಪಾಕ್ಸಿ, ಅಂದರೆ ತುಕ್ಕು ಹಿಡಿಯದಿರಲೆಂದು ಬಳಿದ ರಾಳ. ಆಹಾರದ ಡ್ರಮ್ಮಿನಲ್ಲೂ ಇರುತ್ತದೆ. ಅದು ಪೂರ್ತಿ ಸುಟ್ಟು ಹೋಗಬೇಕು. ನನ್ನ ಮೊದಲನೆಯ ಡ್ರಮ್ಮನ್ನು ಸೋಪು ಹಾಕಿ ಉಜ್ಜಿ ತೊಳೆದೆ, ಸಾಕೆಂದುಕೊಂಡೆ. ಆ ಭಾನುವಾರದ ಕೋಳಿ ಹೊಸ ಬೀರುವಿನ ವಾಸನೆ ಹೊಡೆಯಿತು, ನಾಯಿಯೂ ಮೂಸಿ ಹಿಂದೆ ಸರಿಯಿತು.

ಸುಡುವ ಮೊದಲು ಮೂರನೆಯ ಹಂತದಲ್ಲಿ ಹೇಳುವ ಕಿಂಡಿಗಳನ್ನು ಕೊರೆಯಿಸಿಬಿಡಿ. ಇಲ್ಲದಿದ್ದರೆ ತಳದ ಬೆಂಕಿಗೆ ಗಾಳಿ ಸಾಲದೆ ಅರೆಬರೆ ಸುಡುತ್ತದೆ. ಡ್ರಮ್ಮನ್ನು ಮನೆಗಳಿಂದ ದೂರ, ತೋಟದಲ್ಲೋ ಬಯಲಿನಲ್ಲೋ ಇಟ್ಟು ಒಣ ಸೌದೆ, ತೆಂಗಿನ ಮಟ್ಟೆಗಳನ್ನು ಕುತ್ತಿಗೆಯವರೆಗೆ ತುಂಬಿ ಬೆಂಕಿ ಹಾಕಿ. ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ ನಿಲ್ಲಿ. ಹೊರಬಣ್ಣ ಉರಿಯುವ ಹೊಗೆಯನ್ನು ಉಸಿರಾಡಬಾರದು. ಎರಡು ಸಲ ಸುಡಬೇಕಾಗಬಹುದು. ಆರಿದ ಮೇಲೆ ತಂತಿ ಬ್ರಷ್ಷಿನಿಂದ ಉಜ್ಜಿದರೆ ಒಳಗೆ ಬರಿಯ ಉಕ್ಕು ಕಾಣಬೇಕು. ಉಗುರಿನಿಂದ ಕೆರೆದಾಗ ಬಣ್ಣದ ಚಕ್ಕೆ ಬಂದರೆ ಕೆಲಸ ಮುಗಿದಿಲ್ಲ ಎಂದರ್ಥ.

ತೊಳೆದು, ಬಿಸಿಲಿಗೆ ಒಣಗಿಸಿ, ಒಳಗೆಲ್ಲ ಕಡಲೆಕಾಯಿ ಎಣ್ಣೆಯನ್ನು ಬಟ್ಟೆಯಿಂದ ತೆಳುವಾಗಿ ಸವರಿ. ಹೊಸ ಕಬ್ಬಿಣದ ದೋಸೆ ಹೆಂಚನ್ನು ಪಳಗಿಸಿದಂತೆಯೇ ಇದು. ಹೊರಮೈಗೆ ಬೇಕಿದ್ದರೆ ಶಾಖ ತಡೆಯುವ ಬಣ್ಣ ಬಳಿಯಬಹುದು, ಒಳಗೆ ಮಾತ್ರ ಯಾವ ಬಣ್ಣವೂ ಕೂಡದು.

3. ಕಿಂಡಿ, ಬುಟ್ಟಿ, ಜಾಲರಿ

ಇಲ್ಲಿ ಅಳತೆ ತಪ್ಪಿದರೆ ಮುಂದೆ ಪ್ರತಿ ಭಾನುವಾರವೂ ಒದ್ದಾಡುತ್ತೀರಿ.

ಕೆಳಗಿನ ಕಿಂಡಿಗಳು: ತಳದಿಂದ 5 ಸೆಂಟಿಮೀಟರ್ ಮೇಲೆ, ಸುತ್ತಲೂ ಸಮದೂರದಲ್ಲಿ, 20 ಮಿಲಿಮೀಟರ್ ಅಗಲದ ನಾಲ್ಕು ತೂತುಗಳು. ಮೆಟ್ಟಿಲು ಮೆಟ್ಟಿಲಾಗಿರುವ ಸ್ಟೆಪ್ ಡ್ರಿಲ್ ಬಿಟ್ ಬಳಸಿದರೆ ಸಲೀಸು. ಪ್ರತಿ ತೂತಿನ ಮೇಲೆ ಒಂದು ಸಣ್ಣ ತಗಡನ್ನು ಒಂದೇ ಬೋಲ್ಟಿನಲ್ಲಿ ತೂಗುಹಾಕಿ, ಹಳೆಯ ಬೀಗದ ಕಿಂಡಿಯ ಮೇಲೆ ಜಾರುವ ಮುಚ್ಚಳವಿರುತ್ತದಲ್ಲ, ಹಾಗೆ. ಪೂರ್ತಿ, ಅರ್ಧ, ಕಾಲು ಭಾಗ ತೆರೆಯಲು ಬರುವಂತೆ ಬಿಗಿಯಾಗಿರಲಿ. ಕೆಲವರು ನೀರಿನ ಬಾಲ್ ವಾಲ್ವ್ ಹಾಕಿಸುತ್ತಾರೆ. ನೋಡಲು ಚೆನ್ನ, ಖರ್ಚೂ ಚೆನ್ನ.

ಮೇಲಿನ ದಾರಿ: ಮುಚ್ಚಳದಲ್ಲಿ 50 ಮಿಲಿಮೀಟರ್ ಅಗಲದ ಒಂದು ರಂಧ್ರ. ಕೆಲವು ಮುಚ್ಚಳಗಳಲ್ಲಿ ತಿರುಪಿನ ಬಿರಡೆ ಇರುವ ಈ ಅಳತೆಯ ಬಾಯಿ ಮೊದಲೇ ಇರುತ್ತದೆ, ಬಿರಡೆ ತೆಗೆದರೆ ಆಯಿತು. ಇಲ್ಲದಿದ್ದರೆ ಒಂದು ಗೇಣುದ್ದದ ಕಪ್ಪು ಕಬ್ಬಿಣದ ಕೊಳವೆ ಕೂರಿಸಿ. ಹೊರಹೋಗುವ ದಾರಿ ಒಳಬರುವ ದಾರಿಗಿಂತ ಕಿರಿದಾಗಬಾರದು, ಕಿರಿದಾದರೆ ಹೊಗೆ ಒಳಗೇ ಕೊಳೆಯುತ್ತದೆ.

ಎಚ್ಚರಿಕೆ: ನೀರಿನ ಕೆಲಸದ ಅಂಗಡಿಯಲ್ಲಿ ಕೇಳಿದರೆ ಥಟ್ಟನೆ ಕೊಡುವುದು ಜಿಐ ಕೊಳವೆ, ಅಂದರೆ ಸತುವಿನ ಲೇಪವಿರುವ ಕಬ್ಬಿಣ. ಬೆಂಕಿಯ ಹತ್ತಿರ ಅದು ಬೇಡವೇ ಬೇಡ. ಸತು ಸುಮಾರು 420 ಡಿಗ್ರಿಗೇ ಕರಗುತ್ತದೆ. ಕೆಂಡದ ಬುಟ್ಟಿಯ ಶಾಖ ಅದನ್ನು ಸುಲಭವಾಗಿ ದಾಟುತ್ತದೆ. ಸತು ಉರಿದಾಗ ಏಳುವ ಬಿಳಿ ಹೊಗೆಯನ್ನು ಉಸಿರಾಡಿದವರಿಗೆ ಚಳಿಜ್ವರ ಬರುತ್ತದೆ. ಬುಟ್ಟಿ, ಜಾಲರಿ, ಬೋಲ್ಟು ಯಾವುದರಲ್ಲೂ ಸತುವಿನ ಲೇಪ ಇರದಂತೆ ನೋಡಿಕೊಳ್ಳಿ. ಕೋಳಿಗೂಡಿನ ಬಲೆಯನ್ನು ಗ್ರಿಲ್ ಜಾಲರಿಯಾಗಿ ಬಳಸುವ ಅಭ್ಯಾಸ ನಮ್ಮಲ್ಲಿ ಬಹಳವಿದೆ. ಅದೂ ಇದೇ ಸತು.

ಇದ್ದಿಲ ಬುಟ್ಟಿ: ಕಿಟಕಿಗೆ ಹಾಕುವ ವಜ್ರಾಕಾರದ ಕಣ್ಣುಗಳ ದಪ್ಪ ಉಕ್ಕಿನ ಜಾಲರಿಯಿಂದ 38 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ಬುಟ್ಟಿ. ಕೆಳಗೆ 8 ಸೆಂಟಿಮೀಟರಿನ ಕಾಲುಗಳು. ಬೂದಿ ಉದುರಿ ಗಾಳಿಯ ಕಿಂಡಿ ಮುಚ್ಚದಿರಲು ಈ ಕಾಲುಗಳು ಅಗತ್ಯ. ಬುಟ್ಟಿಯ ಕೆಳಗೆ ಒಂದು ಹಳೆಯ ಉಕ್ಕಿನ ತಟ್ಟೆ ಇಟ್ಟರೆ ಬೂದಿ ತೆಗೆಯುವುದು ಸುಲಭ. ಇಷ್ಟು ದೊಡ್ಡ ಬುಟ್ಟಿ ನಾಲ್ಕರಿಂದ ಐದು ಕಿಲೋ ಇದ್ದಿಲು ಹಿಡಿಯುತ್ತದೆ.

ಅಡುಗೆಯ ಜಾಲರಿ: ಡ್ರಮ್ಮಿನ ಬಾಯಿಂದ 17 ಸೆಂಟಿಮೀಟರ್ ಕೆಳಗೆ ನಾಲ್ಕು ಸ್ಟೇನ್‌ಲೆಸ್ ಬೋಲ್ಟುಗಳನ್ನು ಒಳಮುಖವಾಗಿ ಹಾಕಿ ಅದರ ಮೇಲೆ 55 ಸೆಂಟಿಮೀಟರ್ ಅಗಲದ ಜಾಲರಿ ಕೂರಿಸಿ. ಹೀಗೆ ಮಾಡಿದಾಗ ಬುಟ್ಟಿಯ ತಳಕ್ಕೂ ಮಾಂಸಕ್ಕೂ 60 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಅಂತರ ಸಿಗುತ್ತದೆ. ಇದೇ ಈ ಡ್ರಮ್ಮಿನ ಜೀವಾಳ. ಅಂತರ ಕಡಿಮೆಯಾದರೆ ಅದು ಸ್ಮೋಕರ್ ಆಗಿ ಉಳಿಯುವುದಿಲ್ಲ, ಆಳವಾದ ಗ್ರಿಲ್ ಆಗುತ್ತದೆ.

ನಡುವೆ ಒಂದು ತಡೆ ಬೇಕಾದವರು ಕೆಂಡದ ಮೇಲೆ ಒಂದು ಗೇಣು ಎತ್ತರದಲ್ಲಿ ಹಳೆಯ ಕಬ್ಬಿಣದ ಹೆಂಚನ್ನು ಇಡಬಹುದು. ಕೊಬ್ಬು ನೇರವಾಗಿ ಕೆಂಡಕ್ಕೆ ಬೀಳುವುದಿಲ್ಲ, ಶಾಖವೂ ಹರಡುತ್ತದೆ. ಕೋಳಿಗೆ ನಾನು ಹೆಂಚು ಇಡುವುದಿಲ್ಲ, ತೊಟ್ಟಿಕ್ಕುವ ಕೊಬ್ಬು ಕೆಂಡದಲ್ಲಿ ಚುರುಗುಟ್ಟಿದಾಗ ಏಳುವ ಪರಿಮಳವನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ದೀರ್ಘಕಾಲ ಬೇಯುವ ಮಟನ್ನಿಗೆ ಇಡುತ್ತೇನೆ.

ಉಷ್ಣಮಾಪಕ: ಜಾಲರಿಯ ಮಟ್ಟದಲ್ಲಿ ಡ್ರಮ್ಮಿನ ಪಕ್ಕಕ್ಕೆ ಓವನ್ ಮುಳ್ಳಿನ ಉಷ್ಣಮಾಪಕ ಒಂದು, ಮಾಂಸಕ್ಕೆ ಚುಚ್ಚುವ ಡಿಜಿಟಲ್ ಒಂದು. ಎರಡನೆಯದರಲ್ಲಿ ಜಿಪುಣತನ ಮಾಡಬೇಡಿ. ಕೊಂಡ ದಿನ ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸಿ, ಆದರೆ 100 ತೋರಿಸಲಿಲ್ಲವೆಂದು ಅಂಗಡಿಗೆ ಹಿಂತಿರುಗಿಸಬೇಡಿ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ.

4. ಇದ್ದಿಲು

ಇಸ್ತ್ರಿ ಅಂಗಡಿಯವರು ಎಲ್ಲಿಂದ ಇದ್ದಿಲು ತರಿಸುತ್ತಾರೆಂದು ಕೇಳಿ, ಅಲ್ಲಿಂದಲೇ ಕೊಳ್ಳಿ. ನಿಮಗೆ ಎರಡು ಬಗೆ ಸಿಗುತ್ತವೆ.

ಒಂದು ಜಾಲಿ ಇದ್ದಿಲು. ಪಾವಗಡ, ಶಿರಾ, ಮಧುಗಿರಿಯ ಬೀಳುಗಳಲ್ಲಿ ಹಬ್ಬಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡಗಳಿಂದ ಬಂದ ಗಿಡ. ಟೆಕ್ಸಸ್ಸಿನವರು ಬಾರ್ಬೆಕ್ಯೂ ವಿಷಯ ಬಂದಾಗ ಹಾಡಿ ಹೊಗಳುವ ಮೆಸ್ಕೀಟ್ ಮರ ಇದರದೇ ದಾಯಾದಿ. ನಾವು ಬುಡ ಸಹಿತ ಕಿತ್ತರೂ ಹೋಗುತ್ತಿಲ್ಲವೆಂದು ಬೈಯುವ ಗಿಡದ ನೆಂಟನನ್ನು ಅವರು ಚೀಲದಲ್ಲಿ ತುಂಬಿ ಮಾರುತ್ತಾರೆ. ಜಾಲಿಯ ಇದ್ದಿಲು ಭಾರವಾಗಿದ್ದು, ಹೆಚ್ಚು ಶಾಖ ಕೊಡುತ್ತದೆ. ಹೊತ್ತಿಕೊಳ್ಳುವಾಗ ಕಿಡಿ ಸಿಡಿಸುವ ಗುಣವೂ ಇದೆ, ಮಕ್ಕಳನ್ನು ದೂರವಿಡಿ.

ಇನ್ನೊಂದು ತೆಂಗಿನ ಕರಟದ ಇದ್ದಿಲು. ಕೊಬ್ಬರಿಯ ಜಿಲ್ಲೆಯಲ್ಲಿದ್ದು ಇದನ್ನು ಬಳಸದಿದ್ದರೆ ಹೇಗೆ? ಹೊತ್ತಿಕೊಳ್ಳಲು ತಡ, ಹೊತ್ತಿದ ಮೇಲೆ ಸಮನಾದ ಶಾಖ, ಕಡಿಮೆ ಬೂದಿ. ಕರಟದ ಇದ್ದಿಲನ್ನು ಪುಡಿಮಾಡಿ ಅಚ್ಚು ಹಾಕಿದ ಬಿಲ್ಲೆಗಳೂ ಸಿಗುತ್ತವೆ, ದೀರ್ಘ ಅಡುಗೆಗೆ ಅವೇ ವಾಸಿ. ಆದರೆ ಬೆಂಕಿಕಡ್ಡಿ ತಾಗಿಸಿದೊಡನೆ ಚಿಟಪಟ ಹೊತ್ತಿಕೊಳ್ಳುವ ಹುಕ್ಕಾ ಬಿಲ್ಲೆಗಳನ್ನು ಕೊಳ್ಳಬೇಡಿ, ಅವುಗಳಲ್ಲಿ ಬೆಂಕಿ ಹಿಡಿಸುವ ರಾಸಾಯನಿಕ ಬೆರೆತಿರುತ್ತದೆ.

ನಾನು ಕೆಳಗೆ ಕರಟ, ಮೇಲೆ ಜಾಲಿ ಹಾಕುತ್ತೇನೆ. ಚೀಲದ ತಳದಲ್ಲಿ ಉಳಿಯುವ ಪುಡಿಯನ್ನು ಬುಟ್ಟಿಗೆ ಸುರಿಯಬೇಡಿ, ಗಾಳಿ ಓಡಾಡುವ ಸಂದುಗಳು ಮುಚ್ಚಿಹೋಗುತ್ತವೆ.

5. ಹೊಗೆಯ ಕಟ್ಟಿಗೆ

ಇದ್ದಿಲು ಶಾಖಕ್ಕೆ, ಕಟ್ಟಿಗೆ ರುಚಿಗೆ. ಮುಷ್ಟಿ ಗಾತ್ರದ ಮೂರು ನಾಲ್ಕು ತುಂಡುಗಳು ಒಂದು ಅಡುಗೆಗೆ ಸಾಕು. ಹೆಚ್ಚು ಹೊಗೆಯೆಂದರೆ ಹೆಚ್ಚು ರುಚಿ ಎಂದು ನಂಬಿದವರೇ ಕಹಿ ಕೋಳಿ ತಿನ್ನುವವರು.

ನನ್ನ ಆಯ್ಕೆ ಸೀಬೆ. ಸಿಹಿಯಾದ ಹದವಾದ ಹೊಗೆ, ಕೋಳಿಗೂ ತರಕಾರಿಗೂ ಒಪ್ಪುತ್ತದೆ. ಮಾವು ಎರಡನೆಯದು, ಆದರೆ ಅದರ ಸೊನೆ ಕೆಲವರಿಗೆ ಮೈ ತುರಿಸುತ್ತದೆ, ಆದ್ದರಿಂದ ತೊಗಟೆ ಸುಲಿದು ಚೆನ್ನಾಗಿ ಒಣಗಿದ್ದನ್ನೇ ಬಳಸಿ. ಹುಣಸೆ ಗಟ್ಟಿ ಮರ, ನಿಧಾನವಾಗಿ ಉರಿಯುತ್ತದೆ, ನಾನು ಅದನ್ನು ಮಟನ್ನಿಗೆ ಇಡುತ್ತೇನೆ. ಇದ್ದಿಲಾಗದ ಜಾಲಿ ಕಟ್ಟಿಗೆಯ ಹೊಗೆ ಬಲು ಗಡಸು. ಹತ್ತು ನಿಮಿಷದ ಗ್ರಿಲ್ಲಿಗೆ ಸರಿ, ಆರು ಗಂಟೆಯ ಅಡುಗೆಗೆ ಬೇಡ. ತೆಂಗಿನ ಸಿಪ್ಪೆ ಒಲೆ ಹೊತ್ತಿಸಲು ಉತ್ತಮ, ಮಾಂಸದ ಕೆಳಗೆ ಕಮರುತ್ತಾ ಕೂತರೆ ಮಸಿ ಹಿಡಿಸುತ್ತದೆ.

ಬಳಸಲೇಬಾರದವು: ಕಣಗಿಲೆ ಮತ್ತು ಕಳ್ಳಿ ಜಾತಿಯವು, ಇವು ವಿಷ. ಗೇರು ಬೇಡ. ನೀಲಗಿರಿಯ ಹೊಗೆ ಔಷಧಿ ಅಂಗಡಿಯನ್ನು ನೆನಪಿಸುತ್ತದೆ. ಬೇವು ಕಹಿ. ಪ್ಲೈವುಡ್, ಬಣ್ಣ ಬಳಿದ ಹಳೆ ಬಾಗಿಲು, ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಇವು ಯಾವುದೂ ಬೇಡ. ಔಷಧಿ ಹೊಡೆಯುವ ದ್ರಾಕ್ಷಿ, ದಾಳಿಂಬೆ ತೋಟಗಳ ಸವರಿದ ಕಡ್ಡಿಗಳೂ ಬೇಡ.

ಕಟ್ಟಿಗೆ ಕನಿಷ್ಠ ಆರು ತಿಂಗಳು ಒಣಗಿರಲಿ. ಎರಡು ತುಂಡು ತಟ್ಟಿದರೆ ಟಣ್ ಎನ್ನಬೇಕು. ಕಟ್ಟಿಗೆಯನ್ನು ನೀರಿನಲ್ಲಿ ನೆನೆಸಿಡಿ ಎಂಬ ಸಲಹೆಯನ್ನು ಎಲ್ಲ ಕಡೆ ನೋಡುತ್ತೀರಿ, ಅದನ್ನು ಮರೆತುಬಿಡಿ. ನೆನೆಸಿದ ಕಟ್ಟಿಗೆಯಿಂದ ಮೊದಲು ಬರುವುದು ಆವಿ. ಆ ನೀರು ಆರುವವರೆಗೆ ಬೆಂಕಿಯ ಬಲ ಕುಗ್ಗುತ್ತದೆ, ಅಷ್ಟೇ.

6. ಹೊತ್ತಿಸುವುದು, ಹತೋಟಿಗೆ ತರುವುದು

ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಬೇಡಿ. ಅಪಾಯ ಒಂದು ಕಡೆ, ವಾಸನೆ ಮಾಂಸಕ್ಕೆ ಇಳಿಯುವುದು ಇನ್ನೊಂದು ಕಡೆ. ಹದಿನೈದು ಕಿಲೋ ಎಣ್ಣೆಯ ಖಾಲಿ ತಗಡಿನ ಡಬ್ಬದ ಎರಡೂ ಕಡೆ ಕತ್ತರಿಸಿ, ಕೆಳಗಿನಿಂದ ಮೂರು ಬೆರಳು ಮೇಲೆ ಕಬ್ಬಿಣದ ಸರಳುಗಳನ್ನು ಅಡ್ಡ ತೂರಿಸಿ, ಸುತ್ತ ತೂತು ಹೊಡೆಯಿರಿ. ಮೊದಲ ಸಲ ಖಾಲಿ ಬೆಂಕಿಯಲ್ಲಿ ಸುಟ್ಟು ಬಣ್ಣ ಕಳೆಯಿರಿ. ಇದು ಇದ್ದಿಲು ಹೊತ್ತಿಸುವ ಚಿಮಣಿ. ಕೆಳಗೆ ಹಳೆಯ ಪತ್ರಿಕೆ ಮತ್ತು ಒಂದು ಹಿಡಿ ತೆಂಗಿನ ನಾರು, ಮೇಲೆ ಇದ್ದಿಲು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಕೆಂಡ ಸಿದ್ಧ.

ಈಗ ಮುಖ್ಯ ಸಂಗತಿ. ಬುಟ್ಟಿಯ ಇದ್ದಿಲನ್ನೆಲ್ಲ ಹೊತ್ತಿಸಬೇಡಿ. ಹೊತ್ತದ ಇದ್ದಿಲನ್ನು ಬುಟ್ಟಿಗೆ ತುಂಬಿ, ನಡುವೆ ಕಟ್ಟಿಗೆಯ ತುಂಡುಗಳನ್ನು ಹುದುಗಿಸಿ, ಮಧ್ಯದಲ್ಲಿ ಒಂದು ಗುಳಿ ಮಾಡಿ, ಅದರೊಳಗೆ ಹತ್ತು ಹದಿನೈದು ಕೆಂಡಗಳನ್ನು ಮಾತ್ರ ಇಡಿ. ಬೆಂಕಿ ನಡುವಿನಿಂದ ಹೊರಕ್ಕೆ ಗಂಟೆಗಟ್ಟಲೆ ನಿಧಾನವಾಗಿ ಹರಡುತ್ತದೆ. ಬಾರ್ಬೆಕ್ಯೂ ಬಲ್ಲವರು ಇದನ್ನು ಮಿನಿಯನ್ ಪದ್ಧತಿ ಎನ್ನುತ್ತಾರೆ.

ಬುಟ್ಟಿ ಇಳಿಸಿ, ಮುಚ್ಚಳ ಮುಚ್ಚಿ, ನಾಲ್ಕೂ ಕಿಂಡಿ ತೆರೆದಿಡಿ. ಬೇಕಾದ ಶಾಖಕ್ಕೆ ಇನ್ನೂ 20 ಡಿಗ್ರಿ ಇರುವಾಗಲೇ ಕಿಂಡಿಗಳನ್ನು ಮುಚ್ಚುತ್ತಾ ಬನ್ನಿ. 120 ಬೇಕಿದ್ದರೆ 100 ಆಗುತ್ತಿದ್ದಂತೆ ಎರಡು ಕಿಂಡಿ ಪೂರ್ತಿ ಮುಚ್ಚಿ, ಮೂರನೆಯದು ಅರ್ಧ. ಒಮ್ಮೆ 160 ದಾಟಿದ ಡ್ರಮ್ಮನ್ನು ಕೆಳಗಿಳಿಸುವುದು ಇಳಿಜಾರಿನಲ್ಲಿ ಓಡುವ ಎತ್ತಿನಗಾಡಿ ನಿಲ್ಲಿಸಿದಂತೆ. ಮೇಲಿನ ಹೊಗೆದಾರಿಯನ್ನು ಅಡುಗೆ ಮುಗಿಯುವವರೆಗೂ ಮುಚ್ಚಬೇಡಿ, ಹತೋಟಿಯೆಲ್ಲ ಕೆಳಗಿನಿಂದಲೇ. ಆಮೇಲೆ ಹೊಂದಿಸುವಾಗ ಒಂದು ಸಲಕ್ಕೆ ಒಂದು ಕಿಂಡಿಯನ್ನು ಮಾತ್ರ ಬದಲಿಸಿ ಹದಿನೈದು ನಿಮಿಷ ಕಾಯಿರಿ. ಹೊಸಬರು ನಿಮಿಷಕ್ಕೊಮ್ಮೆ ತಿರುಗಿಸಿ, ಯಾವ ತಿರುವಿನಿಂದ ಏನಾಯಿತೆಂಬುದೇ ತಿಳಿಯದೆ ಕಂಗಾಲಾಗುತ್ತಾರೆ.

ಮೊದಲು ಹೊರಬರುವುದು ದಟ್ಟ ಬಿಳಿ ಹೊಗೆ. ಆಗ ಮಾಂಸ ಇಡಬೇಡಿ. ಸರಿಯಾಗಿ ಉರಿಯದ ಕಟ್ಟಿಗೆಯ ಟಾರು ಅದರಲ್ಲಿರುತ್ತದೆ, ಅದೇ ನಾಲಿಗೆಗೆ ಹತ್ತುವ ಕಹಿ. ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಟ್ಟರೆ ಹೊಗೆ ತೆಳುವಾಗಿ, ಕಂಡೂ ಕಾಣದಂತೆ ನೀಲಿಛಾಯೆಗೆ ತಿರುಗುತ್ತದೆ. ಮಾಂಸ ಇಡುವ ಮುಹೂರ್ತ ಅದೇ.

ಮುಚ್ಚಳದ ಅಂಚಿನಿಂದ ಹೊಗೆ ಸೋರುತ್ತಿದ್ದರೆ ಅಲ್ಲಿ ಗಾಳಿಯೂ ಓಡಾಡುತ್ತದೆ, ಶಾಖ ನಿಮ್ಮ ಮಾತು ಕೇಳುವುದಿಲ್ಲ. ಶಾಶ್ವತ ಪರಿಹಾರ ಶಾಖ ತಡೆಯುವ ಗಾಜಿನ ನಾರಿನ ಹಗ್ಗ. ತಾತ್ಕಾಲಿಕ ಪರಿಹಾರ ಅಡುಗೆಮನೆಯಲ್ಲೇ ಇದೆ: ದಮ್ ಬಿರಿಯಾನಿಯ ಪಾತ್ರೆಗೆ ಮೆತ್ತುವಂತೆ ಗೋಧಿ ಹಿಟ್ಟಿನ ಕಣಕವನ್ನು ಅಂಚಿಗೆ ಮೆತ್ತಿ.

ಮಾಂಸವಿಲ್ಲದೆ ಒಂದು ದಿನ ಖಾಲಿ ಡ್ರಮ್ಮನ್ನು ಮೂರು ಗಂಟೆ ಉರಿಸಿ ಅಭ್ಯಾಸ ಮಾಡಿ. ಬಳಿದ ಎಣ್ಣೆಯೂ ಕಟ್ಟಿಕೊಳ್ಳುತ್ತದೆ, ಎಷ್ಟು ಕಿಂಡಿಗೆ ಎಷ್ಟು ಶಾಖ ಎಂಬ ಲೆಕ್ಕವೂ ಸಿಗುತ್ತದೆ. ಆ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆಷಾಢದ ಗಾಳಿಯಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ ಎಂಬುದೂ ಗೊತ್ತಿರಲಿ. ಗಾಳಿ ಬೀಸುವ ಕಡೆಯ ಕಿಂಡಿಯನ್ನು ಪೂರ್ತಿ ಮುಚ್ಚಿ, ಆ ಬದಿಗೆ ಒಂದು ತಗಡು ನಿಲ್ಲಿಸಿ.

ಜಾಗದ ವಿಷಯ. ಬಯಲಿನಲ್ಲೇ ಇಡಿ. ಮಳೆ ಬಂತೆಂದು ಶೆಡ್ಡಿಗೋ ಮುಚ್ಚಿದ ಬಾಲ್ಕನಿಗೋ ಎಳೆದುಕೊಂಡು ಹೋಗಬೇಡಿ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕೊಲ್ಲುತ್ತದೆ. ತಾರಸಿಯಲ್ಲಿ ಇಡುವವರು ಪ್ಲಾಸ್ಟಿಕ್ ನೀರಿನ ತೊಟ್ಟಿಯಿಂದ ದೂರವಿಟ್ಟು, ಕೆಳಗೆ ಇಟ್ಟಿಗೆ ಹಾಸಿ. ಪಕ್ಕದ ಮನೆಯವರು ಬಟ್ಟೆ ಒಣಹಾಕಿದ್ದಾರೆಯೇ ಎಂದು ಒಮ್ಮೆ ಇಣುಕಿ ನೋಡಿ. ಅವರು ಮಾಂಸ ತಿನ್ನದವರಾದರೆ ಮೊದಲೇ ಒಂದು ಮಾತು ಹೇಳಿಡಿ.

7. ಮೊದಲ ಅಡುಗೆ ಕೋಳಿಯೇ ಆಗಲಿ

ನಾಟಿ ಕೋಳಿಯನ್ನು ಇದಕ್ಕೆ ತರಬೇಡಿ. ವಯಸ್ಸಾದ ನಾಟಿ ಕೋಳಿ ಸಾರಿಗೇ ಸೈ, ಒಣ ಶಾಖದಲ್ಲಿ ಚಪ್ಪಲಿಯಾಗುತ್ತದೆ. ಒಂದೂವರೆ ಕಿಲೋ ತೂಗುವ ಫಾರಂ ಕೋಳಿ ಸಾಕು. ಅಂಗಡಿಯಲ್ಲಿ ಕೇಳದಿದ್ದರೆ ಚರ್ಮ ಸುಲಿದೇ ಕೊಡುತ್ತಾರೆ, ಆದ್ದರಿಂದ ಬಿಸಿನೀರಿಗೆ ಅದ್ದಿ ಪುಕ್ಕ ತೆಗೆದು ಚರ್ಮ ಸಹಿತ ಕೊಡಿ ಎಂದು ಮೊದಲೇ ಹೇಳಿ. ಬೆನ್ನೆಲುಬನ್ನು ಕತ್ತರಿಸಿ ತೆಗೆಸಿ, ಪುಸ್ತಕ ಬಿಚ್ಚಿದಂತೆ ಚಪ್ಪಟೆ ಮಾಡಿಸಿ.

ಹಿಂದಿನ ರಾತ್ರಿ ಕಿಲೋಗೆ 10ರಿಂದ 12 ಗ್ರಾಂ ಉಪ್ಪು ಸವರಿ ಫ್ರಿಜ್ಜಿನಲ್ಲಿ ಮುಚ್ಚದೆ ಇಡಿ. ಚರ್ಮ ಒಣಗುವುದು ಒಳ್ಳೆಯದು. ಬೆಳಿಗ್ಗೆ ಕುಟ್ಟಿದ ಕಾಳುಮೆಣಸು, ಕೊತ್ತಂಬರಿ ಬೀಜ, ಬ್ಯಾಡಗಿ ಪುಡಿ, ಸ್ವಲ್ಪ ಎಣ್ಣೆ. ಮೊಸರಿನ ದಪ್ಪ ಮಸಾಲೆ ಮೆತ್ತಿದರೆ ಹೊಗೆ ಒಳಗಿಳಿಯುವುದಿಲ್ಲ.

ಕೋಳಿಗೆ ಮಂದ ಶಾಖ ಬೇಡ. 120ರಲ್ಲಿ ಬೇಯಿಸಿದರೆ ಚರ್ಮ ರಬ್ಬರಾಗುತ್ತದೆ. ಡ್ರಮ್ಮನ್ನು 150ರಿಂದ 160ಕ್ಕೆ ತಂದು, ಚರ್ಮ ಮೇಲಾಗಿ ಇಡಿ. ಒಂದೂಕಾಲು ಗಂಟೆಯಿಂದ ಒಂದೂಮುಕ್ಕಾಲು ಗಂಟೆಯೊಳಗೆ ಆಗುತ್ತದೆ, ಆದರೆ ಗಡಿಯಾರವನ್ನು ನಂಬಬೇಡಿ. ಎದೆಯ ದಪ್ಪ ಭಾಗದಲ್ಲೂ ತೊಡೆಯ ಸಂದಿನಲ್ಲೂ ಮೂಳೆಗೆ ತಾಗದಂತೆ ಚುಚ್ಚಿ, 74 ಡಿಗ್ರಿ ಆಗಿರಬೇಕು. ಹೊಗೆಯಲ್ಲಿ ಬೆಂದ ಮಾಂಸ ಒಳಗೆ ಗುಲಾಬಿ ಛಾಯೆಯಲ್ಲೇ ಇರಬಹುದು. ಬೆಂದಿದೆಯೋ ಇಲ್ಲವೋ ಎಂಬುದನ್ನು ಬಣ್ಣದಿಂದ ಹೇಳಲಾಗದು. ಬೆಲ್ಲ, ಹುಣಸೆ ರಸದ ಲೇಪ ಬೇಕಿದ್ದವರು ಕೊನೆಯ ಹತ್ತು ನಿಮಿಷದಲ್ಲಿ ಸವರಿ, ಮೊದಲೇ ಹಚ್ಚಿದರೆ ಬೆಲ್ಲ ಸೀದು ಕಪ್ಪಾಗುತ್ತದೆ.

ಜಾಲರಿಯ ಅಂಚಿನಲ್ಲಿ ಜಾಗ ಉಳಿದಿರುತ್ತದೆ. ಎರಡು ದಪ್ಪ ಬದನೆಕಾಯಿ, ಇಡೀ ಈರುಳ್ಳಿ, ನಾಲ್ಕು ಟೊಮೆಟೊ ಇಟ್ಟುಬಿಡಿ. ಆ ಬದನೆಕಾಯಿಯ ಗೊಜ್ಜನ್ನು ಮುದ್ದೆಯ ಜೊತೆ ತಿಂದವರು ಕೋಳಿಯನ್ನು ಮರೆತದ್ದುಂಟು.

8. ಮಟನ್ ಕೈ

ಕುರಿಯ ಮುಂಗಾಲಿನ ಭುಜ, ನಮ್ಮಲ್ಲಿ ಕೈ ಎನ್ನುವ ಭಾಗ, ಸ್ಮೋಕರಿಗೆ ಹೇಳಿ ಮಾಡಿಸಿದ್ದು. ತೊಡೆಗಿಂತ ಅದರಲ್ಲಿ ಕೊಬ್ಬೂ ಅಂಟೂ ಹೆಚ್ಚು. ಸಾರಿನ ತುಂಡಾಗಿ ಕತ್ತರಿಸಬೇಡಿ, ಇಡಿಯಾಗಿ ಕೊಡಿ ಎಂದು ಒತ್ತಿ ಹೇಳಿ. ಕತ್ತಿ ಎತ್ತಿದ ಕೈ ಅಭ್ಯಾಸಬಲದಿಂದ ಇಳಿದೇಬಿಡುತ್ತದೆ. ಭಾನುವಾರ ಬೆಳಿಗ್ಗೆ ಕೊಯ್ದ ಮಾಂಸವನ್ನು ಅಂದೇ ಇಡುವ ಯೋಚನೆ ಬೇಡ. ಕೊಯ್ದ ಮೊದಲ ಗಂಟೆಗಳಲ್ಲಿ ಮಾಂಸ ಸೆಟೆದುಕೊಂಡಿರುತ್ತದೆ. ಶನಿವಾರವೇ ತಂದು, ಉಪ್ಪು ಸವರಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ.

ಶಾಖ 120ರಿಂದ 130. ಎರಡು ಕಿಲೋ ತುಂಡಿಗೆ ಐದಾರು ಗಂಟೆ. ಒಳಗಿನ ಶಾಖ 65, 70ರವರೆಗೆ ಸಲೀಸಾಗಿ ಏರಿ, ಅಲ್ಲಿ ಗಂಟೆಗಟ್ಟಲೆ ಕೂತುಬಿಡುತ್ತದೆ. ಬೆಂಕಿ ಆರಿತೆಂದು ಗಾಬರಿಯಾಗಿ ಕಿಂಡಿಗಳನ್ನೆಲ್ಲ ತೆರೆಯಬೇಡಿ. ಮಾಂಸದ ಮೇಲ್ಮೈಯಿಂದ ತೇವ ಆರುತ್ತಾ ಅದನ್ನು ತಂಪಾಗಿಸುತ್ತಿರುತ್ತದೆ, ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಕಾರಣವೇ ಇದು. ಹೊರಗೆ ಗಾಢ ಕಂದು ಬಣ್ಣ ಬಂದಿದ್ದರೆ ಬಾಡಿಸಿದ ಬಾಳೆಎಲೆಯ ಎರಡು ಪದರದಲ್ಲಿ ಸುತ್ತಿ, ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ ಮತ್ತೆ ಇಡಿ. ತೇವ ಆರುವುದು ನಿಂತೊಡನೆ ಶಾಖ ಏರುತ್ತದೆ. ಒಳಗೆ 92ರಿಂದ 95 ಡಿಗ್ರಿ ಆದಾಗ ಚುಚ್ಚಿದ ಕಡ್ಡಿ ಬೆಣ್ಣೆಯೊಳಗೆ ಇಳಿದಂತೆ ಇಳಿಯಬೇಕು. ತೆಗೆದು, ಸುತ್ತಿದ ಹಾಗೆಯೇ ಮುಕ್ಕಾಲು ಗಂಟೆ ಬಿಡಿ. ಆಮೇಲೆ ಕತ್ತಿ ಬೇಡ, ಮೂಳೆ ಕೈಯಲ್ಲೇ ಬಿಟ್ಟುಬರುತ್ತದೆ.

ಅಂಗಡಿಯ ಗ್ರಿಲ್ ಮೊದಲೇ ಇರುವವರಿಗೆ

ಗುಂಡಗಿನ, ಮುಚ್ಚಳವಿರುವ ಕೆಟಲ್ ಗ್ರಿಲ್ ಇದ್ದರೆ ಡ್ರಮ್ಮಿನ ಗೋಜೇ ಬೇಡ. 1952ರಲ್ಲಿ ಶಿಕಾಗೋದ ವೆಬರ್ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್, ನೀರಿನಲ್ಲಿ ತೇಲಿಬಿಡುವ ಬೋಯ್ ಎಂಬ ಲೋಹದ ಗೋಳವನ್ನು ಎರಡು ಹೋಳು ಮಾಡಿ ಇದನ್ನು ರೂಪಿಸಿದ. ಗಾಳಿಯ ಕಿಂಡಿಗಳು ಮೇಲೂ ಕೆಳಗೂ ಇರುತ್ತವೆ. ಗೋಡೆಗುಂಟ ಇದ್ದಿಲ ಬಿಲ್ಲೆಗಳನ್ನು ಎರಡು ಸಾಲಿನಲ್ಲಿ ಹಾವು ಮಲಗಿದಂತೆ ಅರ್ಧಚಂದ್ರಾಕಾರವಾಗಿ ಜೋಡಿಸಿ, ಒಂದು ತುದಿಗೆ ಮಾತ್ರ ಐದಾರು ಕೆಂಡ ಇಡಿ. ನಡುವೆ ನೀರಿನ ತಟ್ಟೆ, ಅದರ ಮೇಲಿನ ಜಾಲರಿಯಲ್ಲಿ ಮಾಂಸ. ಹಾವು ತಲೆಯಿಂದ ಬಾಲದವರೆಗೆ ಉರಿಯುತ್ತಾ ಹೋಗುತ್ತದೆ.

ಮುಚ್ಚಳವಿಲ್ಲದ ತೆರೆದ ಪೆಟ್ಟಿಗೆಯಾದರೆ ಕೆಂಡವನ್ನು ಒಂದೇ ಬದಿಗೆ ಸರಿಸಿ, ಇನ್ನೊಂದು ಬದಿ ಖಾಲಿ ಬಿಡಿ. ಬಿಸಿ ಬದಿಯಲ್ಲಿ ಬಣ್ಣ ಬರಿಸಿ, ಖಾಲಿ ಬದಿಗೆ ಸರಿಸಿ, ಮೇಲೊಂದು ಬೋಗುಣಿ ಕವುಚಿ ಬೇಯಲು ಬಿಡಿ. ಹೊರಗೆ ಕರಕಲು, ಒಳಗೆ ಹಸಿ ಎಂಬ ದೂರು ಅರ್ಧಕ್ಕರ್ಧ ಇಲ್ಲೇ ತೀರುತ್ತದೆ.

9. ಆರಿಸುವುದು ಮತ್ತು ಬೂದಿ

ಅಡುಗೆ ಮುಗಿದ ಮೇಲೆ ಮೇಲಿನದು, ಕೆಳಗಿನದು ಎಲ್ಲ ಕಿಂಡಿಗಳನ್ನೂ ಮುಚ್ಚಿ. ಗಾಳಿಯಿಲ್ಲದೆ ಬೆಂಕಿ ಸಾಯುತ್ತದೆ, ಉಳಿದ ಇದ್ದಿಲು ಮುಂದಿನ ವಾರಕ್ಕೆ ಬರುತ್ತದೆ. ಕಾದ ಡ್ರಮ್ಮಿಗೆ ನೀರು ಸುರಿದರೆ ಏಳುವ ಆವಿ ಕೈ ಮುಖ ಸುಡುತ್ತದೆ. ಹೀಗೆ ಮುಚ್ಚಿಟ್ಟ ಡ್ರಮ್ಮಿನ ಮುಚ್ಚಳವನ್ನು ಮಧ್ಯದಲ್ಲಿ ನೆನಪಾಯಿತೆಂದು ಒಮ್ಮೆಲೇ ಎತ್ತಲೂಬೇಡಿ. ಹಸಿದಿದ್ದ ಕೆಂಡಕ್ಕೆ ಗಾಳಿ ಸಿಕ್ಕೊಡನೆ ಜ್ವಾಲೆ ಭುಗಿಲೇಳುತ್ತದೆ. ಎತ್ತಲೇಬೇಕಾದರೆ ಮುಖ ಪಕ್ಕಕ್ಕಿಟ್ಟು, ಮೊದಲು ಒಂದು ಬೆರಳಷ್ಟು ಸರಿಸಿ, ಕ್ಷಣ ತಡೆದು, ಆಮೇಲೆ ಪೂರ್ತಿ ತೆಗೆಯಿರಿ.

ಜಾಲರಿಯನ್ನು ಬೆಚ್ಚಗಿರುವಾಗಲೇ ಉಜ್ಜಿ ಎಣ್ಣೆ ಬಟ್ಟೆಯಿಂದ ಒರೆಸಿ. ತಂತಿ ಬ್ರಷ್ ಬಳಸಿದರೆ ಉದುರಿದ ತಂತಿಯ ಎಳೆ ಉಳಿದಿದೆಯೇ ನೋಡಿ, ಊಟದಲ್ಲಿ ಸೇರಿದರೆ ಗಂಟಲಿಗೆ ಚುಚ್ಚುತ್ತದೆ. ತೆಂಗಿನ ನಾರಿನ ಉಂಡೆಯಿಂದ ಉಜ್ಜುವುದೇ ಕ್ಷೇಮ. ಮಳೆಗಾಲದಲ್ಲಿ ಹೊಗೆದಾರಿಗೆ ಒಂದು ತಗಡಿನ ಲೋಟ ಕವುಚಿಡಿ, ಬೂದಿಯನ್ನು ಒಳಗೆ ಬಿಡಬೇಡಿ. ತೇವ ಹೀರಿದ ಬೂದಿ ತಳವನ್ನು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಸಿ ತೂತು ಮಾಡುತ್ತದೆ.

ಬೂದಿ ತಣ್ಣಗಿದೆ ಎಂದು ಕಂಡರೂ ಅದರೊಳಗಿನ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಹಾಕಿ ಎರಡು ದಿನ ಬಿಟ್ಟು, ಆಮೇಲಷ್ಟೇ ತಿಪ್ಪೆಗೆ ಸುರಿಯಿರಿ. ಡಬ್ಬವನ್ನು ಕಾಯಿ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಮಾತ್ರ ಇಡಬೇಡಿ.